ಗೋಡೆಯ ಪಿನ್ನು

"ಯಾರನ್ನ ಕೇಳಿ ಪರೀಕ್ಷೆಗೆ ರಕ್ತ ಕೊಟ್ಟೆ, ಮುಂಡೆ?" ಮೇಸ್ತ್ರಿ ಕ್ಲಿನಿಕ್ಕಿನ ಚೀಟಿಯನ್ನು ನಮ್ಮತ್ತೆಯ ಮುಖಕ್ಕೆಸೆದ. "ನಿನ್ನ ಕಾಯಿಲೆ ಆಸ್ಪತ್ರೆಯೋರಿಗೆ ಗೊತ್ತಾದ್ರೆ ನನ್ನ ಗುತ್ತಿಗೆಗೆ ಎಳ್ಳುನೀರು. ನಾಳೆಯಿಂದ ಈ ಕಡೆ ತಲೆ ಹಾಕ್ಬೇಡ."

ಅತ್ತೆ ಚೀಟಿ ಎತ್ತಿ ಸೆರಗಿನ ತುದಿಗೆ ಕಟ್ಟಿಕೊಂಡಳು. ನಾವು ಏಳು ಹೆಂಗಸರು ತಲೆಯೆತ್ತದೆ ಕೆಲಸ ಮಾಡುತ್ತಿದ್ದೆವು. ಆಸ್ಪತ್ರೆಯ ಹಿಂದಿನ ಈ ತಗಡಿನ ಶೆಡ್ಡಿನಲ್ಲಿ ನಮ್ಮದು ಕಸ ಬೇರ್ಪಡಿಸುವ ಕೆಲಸ. ಸಿರಿಂಜಿನಿಂದ ಕಿತ್ತ ಸೂಜಿ ಒಂದು ಡಬ್ಬಕ್ಕೆ, ಒಡೆದ ಗಾಜು ಇನ್ನೊಂದಕ್ಕೆ. ಕೈಗವಸು ಇಲ್ಲ ಅನ್ನುವ ಹಾಗಿಲ್ಲ. ತನಿಖೆಯವರು ಬರುವ ದಿನ ಮೇಸ್ತ್ರಿ ಬೀರುವಿನಿಂದ ತೆಗೆದು ಕೊಡುತ್ತಾನೆ, ಅವರು ಹೋದ ಮೇಲೆ ಕಿತ್ತುಕೊಂಡು ಬೀಗ ಹಾಕುತ್ತಾನೆ.

ದಿನಕ್ಕೊಬ್ಬರ ಬೆರಳಿಗಾದರೂ ಗಾಜಿನ ಚೂರು ಹೊಕ್ಕೇ ಹೊಗುತ್ತದೆ. ಅದಕ್ಕೇ ಗೋಡೆಯ ಮೊಳೆಗೆ ದಾರ ಕಟ್ಟಿ ಒಂದು ಸೇಫ್ಟಿಪಿನ್ನು ನೇತುಹಾಕಿದೆ. ಚೂರು ತೆಗೆಯುವುದರಲ್ಲಿ ಅತ್ತೆಯದು ಎತ್ತಿದ ಕೈ. ನಮ್ಮೆಲ್ಲರ ಬೆರಳನ್ನೂ ಬಗೆದವಳು ಅವಳೇ. ಆಮೇಲೆ ಪಿನ್ನನ್ನು ಸೆರಗಿಗೆ ಒರೆಸಿ ಮೊಳೆಗೆ ತಗಲಿಸಿ, "ಮುಳ್ಳನ್ನ ಮುಳ್ಳಲ್ಲೇ ತೆಗೀಬೇಕು ಕಣೇ" ಎಂದು ನಗುತ್ತಿದ್ದಳು.

ಈಗ ಆ ನಗು ಸತ್ತುಹೋಗಿದೆ. ಹೆಪಟೈಟಿಸ್ ಸಿ, ಎಂದು ನಿನ್ನೆ ಕ್ಲಿನಿಕ್ಕಿನ ನರ್ಸಮ್ಮ ಹೇಳಿದ್ದಳು. ಸದ್ದಿಲ್ಲದೆ ಲಿವರ್ ತಿನ್ನುವ ಕಾಯಿಲೆ, ಮೂರು ತಿಂಗಳು ಮಾತ್ರೆ ನುಂಗಿದರೆ ಬಹುಪಾಲು ವಾಸಿ. ಮುಟ್ಟಿದರೆ, ಜೊತೆಗೆ ಉಂಡರೆ ಅಂಟುವುದಿಲ್ಲ, ರಕ್ತಕ್ಕೆ ರಕ್ತ ಸೇರಬೇಕು. "ಒಬ್ಬರ ಸೂಜಿ ಇನ್ನೊಬ್ಬರು ಬಳಸ್ತೀರಾ?" ಎಂದು ಕೇಳಿದ್ದಕ್ಕೆ ಅತ್ತೆ, "ಇಲ್ಲಮ್ಮ, ನಾವು ಅಂಥೋರಲ್ಲ" ಅಂದಳು. ದಾರಿಯಲ್ಲಿ ಗೋಡೆಯ ಪಿನ್ನು ನೆನಪಾಗಿ ರಸ್ತೆಯಲ್ಲೇ ಕುಸಿದು ಕೂತಳು. ನನ್ನ ಬೆರಳುಗಳನ್ನು ಒಂದೊಂದಾಗಿ ತಿರುಗಿಸಿ ನೋಡಿ ಅತ್ತಳು.

ಈಗ ಮೇಸ್ತ್ರಿಗೆ ಕೈ ಮುಗಿದಳು. "ನನ್ನ ಬೇಕಾದ್ರೆ ತೆಗೀರಿ ಸ್ವಾಮಿ. ಇವರನ್ನ ಒಂದು ಗಳಿಗೆ ಕ್ಲಿನಿಕ್ಕಿಗೆ ಬಿಡಿ. ಪರೀಕ್ಷೆ ಇವತ್ತು ಮಧ್ಯಾಹ್ನದವರೆಗೆ ಅಷ್ಟೇ. ಬಿಟ್ರೆ ಮುಂದಿನ ತಿಂಗಳು."

"ಒಬ್ಬಳು ಗೇಟು ದಾಟಿದ್ರೂ ಕಾಲು ಮುರೀತೀನಿ." ಗೇಟಿಗೆ ಬೀಗ ಜಡಿದು ಬೀಗದ ಕೈಯನ್ನು ಜೇಬಿಗಿಳಿಸಿದ.

ಅತ್ತೆ ಪಿನ್ನನ್ನು ದಾರದ ಸಮೇತ ಕಿತ್ತು ಅವನೆದುರು ಹಿಡಿದಳು.

"ದೂರ ನಿಲ್ಲೇ, ರೋಗಿಷ್ಟೆ."

"ಹೋದ ತಿಂಗಳು ನಿಮ್ಮ ಹೆಬ್ಬೆರಳಿಂದ ಗಾಜು ತೆಗ್ದಿದ್ದು ಇದರಲ್ಲೇ ಸ್ವಾಮಿ. ಮೊದಲು ನನ್ನ ಬೆರಳು, ಆಮೇಲೆ ನಿಮ್ಮದು."

ಮೇಸ್ತ್ರಿ ತನ್ನ ಹೆಬ್ಬೆರಳನ್ನು ನೋಡಿಕೊಂಡ. ಜೇಬಿನಿಂದ ಬೀಗದ ಕೈ ತೆಗೆದು ಗೇಟು ತೆರೆದ.

ಕ್ಲಿನಿಕ್ಕಿನಲ್ಲಿ ನಮ್ಮನ್ನು ತಳ್ಳಿಕೊಂಡು ಮುಂದೆ ನುಗ್ಗಿದ. ಅತ್ತೆ ಅವನ ಕಾಲರು ಹಿಡಿದು ಎಳೆದಳು. "ಹಿಂದೆ ನಿಂತ್ಕೊಳ್ಳೋ ಬೋಳಿಮಗನೆ. ಮೊದಲು ನನ್ನ ಸೊಸೆ." ಅವನು ಹೋಗಿ ಸಾಲಿನ ಕೊನೆಯಲ್ಲಿ ನಿಂತ.

ನರ್ಸಮ್ಮ ಹೊಸ ಸೂಜಿಯ ಪೊಟ್ಟಣ ಹರಿದಳು. ಸಾವಿರಾರು ಸೂಜಿ ಮುಟ್ಟಿದ ಕೈಗೆ, ನನಗೆಂದೇ ತೆರೆದ ಮೊದಲ ಸೂಜಿ ಅದು. ಒಂದು ಹನಿ ರಕ್ತ ಪರೀಕ್ಷೆಯ ಪಟ್ಟಿಯ ಮೇಲೆ ಬಿತ್ತು. ಒಂದೇ ಗೆರೆ ಬಂದರೆ ಕಾಯಿಲೆ ಇಲ್ಲ, ಎರಡು ಬಂದರೆ ಇದೆ, ಅಂದಳು.

ಅತ್ತೆ ಗೋಡೆಗೆ ಮುಖ ಮಾಡಿ ನಿಂತಳು. ಪಿನ್ನು ಇನ್ನೂ ಅವಳ ಮುಷ್ಟಿಯಲ್ಲೇ ಇತ್ತು.

"ಎಷ್ಟು ಗೆರೆ, ಹೇಳೇ."

ಒಂದು ಆಗಲೇ ಮೂಡಿತ್ತು. ಅದರ ಪಕ್ಕದ ಬಿಳಿ ಜಾಗದಿಂದ ನಾನು ಕಣ್ಣು ತೆಗೆಯಲಿಲ್ಲ.