ಎರಡನೆಯ ಸಾಲಿನಲ್ಲಿ

"ಕಾಕೂ, ಮೊಬೈಲ್ ನಕೋ, ಬ್ಯಾಡ. ಇವತ್ತ ನೀವೇ ಹಾಡ್ರಿ," ಎಂದಳು ರುಚಿತಾ.

ಅಲಕಾ ಕೇಳಿಸದವಳಂತೆ ಮೊಬೈಲಿನಲ್ಲಿ ಬರುತ್ತಿದ್ದ ಹಾಡಿನ ಸದ್ದನ್ನು ಇನ್ನಷ್ಟು ಏರಿಸಿದಳು. ಮಂಚದ ಮೇಲೆ ದಿಂಬಿಗೆ ಆನಿಸಿ ಕೂರಿಸಿದ್ದ ಅವಳ ಮಗಳು, ಹನ್ನೊಂದು ವರ್ಷದ ವೈಷ್ಣವಿ, ಕಣ್ಣು ತೆರೆದು ಎದುರಿನ ಗೋಡೆಯನ್ನು ನೋಡುತ್ತಿದ್ದಳು. ನಿಜಕ್ಕೂ ನೋಡುತ್ತಿದ್ದಳೋ ಇಲ್ಲವೋ ಎಂದು ತಿಳಿಯಲೆಂದೇ ನಾಸಿಕದಿಂದ ಔರಂಗಾಬಾದಿನ ಈ ಆಸ್ಪತ್ರೆಗೆ ಬಂದದ್ದು. ನಾಸಿಕದ ಅಂಬಡ್ ಹತ್ತಿರ ಶಾಲೆಯ ಆಟೋ ಮಗುಚಿ ತಲೆಗೆ ಪೆಟ್ಟು ಬಿದ್ದ ಮೇಲೆ ಹುಡುಗಿ ಒಂದು ಮಾತೂ ಆಡಿಲ್ಲ, ಕರೆದರೆ ಓಗೊಟ್ಟಿಲ್ಲ.

ಪೆಟ್ಟು ತಿಂದ ಮಿದುಳಿನಲ್ಲಿ ಅರಿವು ಎಷ್ಟು ಉಳಿದಿದೆ ಎಂದು ಸಂಗೀತದಿಂದ ಪರೀಕ್ಷಿಸುವುದು ರುಚಿತಾಳ ಕೆಲಸ. ಗೊತ್ತಿರುವ ಹಾಡು, ಗೊತ್ತಿಲ್ಲದ ಹಾಡು, ನಡುವೆ ಬರೀ ಮೌನ. ಒಂದೊಂದಕ್ಕೂ ಮಗುವಿನ ರೆಪ್ಪೆ, ಉಸಿರು, ಬೆರಳು ಏನು ಮಾಡುತ್ತವೆಂದು ನೋಡುತ್ತಾಳೆ. ರುಚಿತಾಳ ತಂದೆ ಕಲಬುರಗಿಯಿಂದ ಬ್ಯಾಂಕಿನಲ್ಲಿ ವರ್ಗವಾಗಿ ಬಂದವರು. ಅವಳಿಗೆ ಕನ್ನಡ ಪೂರ್ತಿ ತಿಳಿಯುತ್ತದೆ, ಆಡಹೋದರೆ ಮಾತ್ರ ಮರಾಠಿ ನುಗ್ಗುತ್ತದೆ. ಇವತ್ತು ಕೊನೆಯ ಪರೀಕ್ಷೆ. ಇವತ್ತೂ ಏನೂ ಕಾಣದಿದ್ದರೆ ವಾರ್ಡಿನಲ್ಲಿ ಜಾಗ ಕೊಡಲಾಗುವುದಿಲ್ಲ, ಮನೆಗೆ ಕರೆದೊಯ್ದು ಆರೈಕೆ ಮಾಡಿಕೊಳ್ಳಿ ಎಂದು ದೊಡ್ಡ ಡಾಕ್ಟರು ಮುಲಾಜಿಲ್ಲದೆ ಹೇಳಿಬಿಟ್ಟಿದ್ದರು.

"ಈ ಮೊಬೈಲಿನ್ಯಾಗಿನ ಹೆಣ್ಮಗಳು ಎಷ್ಟು ಛಂದ ಹಾಡ್ಯಾಳ. ನಾ ಯಾಕ್ರಿ?" ಎಂದು ಅಲಕಾ ಮೊಬೈಲನ್ನು ಎದೆಗೆ ಒತ್ತಿಕೊಂಡಳು.

"ಅವರು ವೈಷ್ಣವಿಗೆ ಯಾರೂ ಅಲ್ಲಲ್ರಿ, ಕಾಕೂ."

ಅಲಕಾ ಎದ್ದಳು, ಕೂತಳು, ಮತ್ತೆ ಎದ್ದು ಕಿಟಕಿಯ ಪರದೆ ಎಳೆದಳು, ಎಳೆದದ್ದನ್ನು ಸರಿಸಿದಳು. ಬಾಗಿಲಲ್ಲಿ ನಿಂತಿದ್ದ ಗಂಡ ಜಯಕರ, "ಒಂದ ಕಡೆ ಕೂಡು ಮಾರಾಯ್ತಿ," ಎಂದ. ಅವನೇನೂ ಸುಮ್ಮನೆ ನಿಂತಿರಲಿಲ್ಲ. ಬಾಗಿಲ ಚಿಲಕವನ್ನು ಹಾಕಿ ತೆಗೆದು, ಹಾಕಿ ತೆಗೆದು ನರ್ಸಿನಿಂದ ಆಗಲೇ ಒಂದು ಸಲ ಬೈಸಿಕೊಂಡಿದ್ದ.

ವಿಷಯವೇನೆಂದರೆ, ದೇವರು ಅಲಕಾಳಿಗೆ ಎಲ್ಲ ಕೊಟ್ಟು ಕಂಠ ಕೊಡುವಾಗ ಕೈ ಬಿಗಿಹಿಡಿದಿದ್ದ. ಬಸವಕಲ್ಯಾಣದ ತವರಿನಲ್ಲಿ ಹೆಂಗಸರು ಮಂಗಳಾರತಿಯ ಹೊತ್ತಿಗೆ ಅವಳ ಕೈಗೆ ತಟ್ಟೆ ಕೊಟ್ಟುಬಿಡುತ್ತಿದ್ದರು. ತಟ್ಟೆ ಹಿಡಿದವಳ ಗಮನ ದೀಪದ ಮೇಲಿರುತ್ತದೆ, ಬಾಯಿ ಮುಚ್ಚಿರುತ್ತದೆ. ನಾಸಿಕದಲ್ಲಿ ಸಂಗೀತದ ಕ್ಲಾಸಿಗೆ ಹೋಗುತ್ತಿದ್ದ ವೈಷ್ಣವಿಯಂತೂ ಅಡಿಗೆಮನೆಯಿಂದ ತಾಯಿಯ ದನಿ ಎದ್ದರೆ ಸಾಕು, "ಮಮ್ಮಿ, ಪ್ಲೀಜ್, ನೀ ಹಾಡಬ್ಯಾಡ," ಎಂದು ಕಿವಿ ಮುಚ್ಚುತ್ತಿದ್ದಳು. ಅದಕ್ಕೇ ಆಸ್ಪತ್ರೆ ಸೇರಿದಂದಿನಿಂದ ಅಲಕಾ ಮಗಳ ಮುಂದೆ ಒಮ್ಮೆಯೂ ಹಾಡಿರಲಿಲ್ಲ. ಇರುವ ಚೂರು ಜೀವಕ್ಕೂ ತನ್ನ ಕೂಗಿನಿಂದ ಬೇಸರವಾದೀತೆಂಬ ಹೆದರಿಕೆ ಅವಳಿಗೆ.

ಕೊನೆಗೆ ಹಾಡಿದಳು. ಮಗಳು ಕೂಸಾಗಿದ್ದಾಗಿನ ತೊಟ್ಟಿಲ ಹಾಡು. ಮೊದಲ ಸಾಲು ಹೇಗೋ ದಾಟಿತು. ಎರಡನೆಯ ಸಾಲಿನಲ್ಲಿ ದನಿ ಮೇಲೇರಬೇಕಾದಲ್ಲಿ ಅರ್ಧಕ್ಕೇ ನಿಂತು ಪಕ್ಕಕ್ಕೆ ಜಾರಿತು. ವೈಷ್ಣವಿಯ ಹುಬ್ಬು ಗಂಟಿಕ್ಕಿತು, ತುಟಿ ಒಂದು ಕಡೆಗೆ ಸೊಟ್ಟಗಾಯಿತು.

"ಏ, ನೋಡ್ರಿ, ನೋಡ್ರಿ!" ಎಂದು ಜಯಕರ ಕೂಗಿದ.

"ಥಾಂಬಾ, ತಡೀರಿ," ಎಂದು ರುಚಿತಾ ಕೈ ಎತ್ತಿದಳು. "ಹೊಟ್ಟಿ ನೋವಿಗೂ ಮುಖ ಹಂಗ ಆಗ್ತದ. ಮತ್ತ ಅಲ್ಲೇ, ಅದೇ ಜಾಗಾಕ್ಕ ಆಗಬೇಕು. ಕಾಕೂ, ಈಗ ತಪ್ಪಿದ್ರೆಲಾ, ಹಂಗೇ ತಪ್ಪಿ ಹಾಡ್ರಿ."

"ಎಲ್ಲಿ ತಪ್ಪೀನಂತ ಗೊತ್ತಿದ್ರ ನಾ ಯಾಕ ತಪ್ಪತಿದ್ದೆ ತಂಗಿ?" ಎಂದಳು ಅಲಕಾ.

ಅವಳು ತಪ್ಪಲು ಹೆಣಗಿದಳು. ಬೇಕೆಂದೇ ಗಂಟಲು ಗೊಗ್ಗರು ಮಾಡಿದಳು, ಬೇಡದ ಕಡೆ ಎಳೆದಳು. ಹಾಳಾದ ದನಿ ಎರಡನೆಯ ಸಾಲಿಗೆ ಬಂದದ್ದೇ ನೆಟ್ಟಗೆ ಮೇಲೇರಿಬಿಟ್ಟಿತು. ಜನ್ಮದಲ್ಲಿ ಮೊದಲ ಸಲ ಸರಿಯಾಗಿ ಹಾಡಿದ್ದಳು. ಮಗಳ ಮುಖ ತೊಳೆದಿಟ್ಟ ತಟ್ಟೆಯಂತೆ ಬರಿದಾಗಿಯೇ ಉಳಿಯಿತು. ಇಷ್ಟು ವರ್ಷ ಬೇಡಿದರೂ ಬಾರದ್ದು ಇವತ್ತೇ ಬರಬೇಕಿತ್ತೇ ಎಂದು ಅಲಕಾಳಿಗೆ ಸಿಟ್ಟು ಬಂತು, ತನ್ನ ಗಂಟಲಿನ ಮೇಲೆ, ದೇವರ ಮೇಲೆ.

ಜಯಕರ ಒಳಗೆ ಬಂದು ಅವಳ ಹೆಗಲ ಮೇಲೆ ಕೈಯಿಟ್ಟ. "ಪರೀಕ್ಷಾ ಅಂತ ಹಾಡಬ್ಯಾಡ. ಭಕ್ರಿ ತಟ್ಟುವಾಗ ಹಾಡತಿದ್ದೆಲ್ಲಾ, ಹಂಗ ಹಾಡ."

ಅಲಕಾ ಮಂಚದ ಅಂಚಿಗೆ ಕೂತು ತೊಡೆಯ ಮೇಲೆ ಅಂಗೈ ತಟ್ಟತೊಡಗಿದಳು. ರುಚಿತಾಳನ್ನು ಮರೆತಳು. ಹಾಡು ಎರಡನೆಯ ಸಾಲಿಗೆ ಬಂತು, ಜಾರಿತು. ಹುಬ್ಬು ಗಂಟಿಕ್ಕಿತು. ಮತ್ತೆ ಮೊದಲಿನಿಂದ ಹಾಡಿದಳು. ಅಲ್ಲೇ ಜಾರಿತು, ಅಲ್ಲೇ ತುಟಿ ಸೊಟ್ಟಗಾಯಿತು. ರುಚಿತಾ ಪಕ್ಕದಲ್ಲಿದ್ದ ಸಂಗೀತದ ಕೀಬೋರ್ಡಿನಲ್ಲಿ ಅದೇ ಸಾಲನ್ನು ಸರಿಯಾಗಿ ನುಡಿಸಿದಳು. ಮುಖ ಅಲುಗಲಿಲ್ಲ. ಅಲಕಾ ಇನ್ನೊಮ್ಮೆ ಹಾಡಿದಳು. ಗಂಟಿಕ್ಕಿತು.

"ಅವಳಿಗೆ ಕೇಳಸ್ತದ. ತಪ್ಪು ಯಾವ್ದು, ಸರಿ ಯಾವ್ದು, ಅದೂ ಕಳತಾ ಹೈ, ತಿಳೀತದ ಅವಳಿಗೆ," ಎಂದ ರುಚಿತಾಳಿಗೆ ಭಾಷೆಯೆಲ್ಲ ಕಲಸಿಹೋಗಿತ್ತು. "ಸಾಕು ಕಾಕೂ. ಡಾಕ್ಟರ್‌ನ ಕರ್ಕೊಂಡ ಬರ್ತೀನಿ." ಚಪ್ಪಲಿಯನ್ನೂ ಮೆಟ್ಟದೆ ಓಡಿದಳು. ಜಯಕರ ಗೋಡೆಗೆ ಹಣೆ ಹಚ್ಚಿ ಬಿಕ್ಕುತ್ತಿದ್ದ.

ಅಲಕಾ ಮಾತ್ರ ನಿಲ್ಲಿಸಲಿಲ್ಲ. ಕಣ್ಣೀರು ಬಾಯಿಗೆ ಇಳಿಯುತ್ತಿತ್ತು, ಹಾಡು ಇನ್ನಷ್ಟು ಕೆಡುತ್ತಿತ್ತು. ಮೊದಲ ಸಾಲನ್ನೂ ಕೆಡಿಸಿದಳು.

ದಿಂಬಿನ ಮೇಲೆ ವೈಷ್ಣವಿಯ ತಲೆ ಅಲುಗಿತು. ಗದ್ದ ನಡುಗಿತು, ಕತ್ತಿನ ನರ ಬಿಗಿಯಿತು, ಮತ್ತೆ ನಿಧಾನವಾಗಿ, ತಡೆತಡೆದು, ತಲೆ ತಾಯಿಯಿಂದ ಆಚೆಯ ಮಗ್ಗುಲಿಗೆ ಹೊರಳಿತು. ಈಗ ಅಲಕಾಳ ಕಡೆಗಿದ್ದದ್ದು ಮಗಳ ಕಿವಿ, ಅದರ ಹಿಂದಿನ ಹೊಲಿಗೆಯ ಗೆರೆ, ಗೆರೆಯ ಎರಡೂ ಬದಿಗೆ ಹೊಸದಾಗಿ ಮೊಳೆತ ಮೋಟು ಕೂದಲು.