ಬ್ಯಾಟರಿ ಅಂಗಡಿಯ ಹಿಂದಿನ ಸೊಪ್ಪು

ಅಮ್ಮನಿಗೆ ಹೇಳಿ ಹೇಳಿ ನನಗೆ ಸಾಕಾಗಿಹೋಗಿದೆ. ನನ್ನ ಹೆಂಡತಿ ಉಲೋಮಾ ಏಳು ತಿಂಗಳ ಬಸುರಿ. ಮೂರನೇ ತಿಂಗಳಲ್ಲಿ ನರ್ಸು ರಕ್ತ ಕಡಿಮೆ ಅಂದದ್ದೇ ತಡ, ಅಮ್ಮ ಊರಿನಿಂದ ಗಂಟು ಕಟ್ಟಿಕೊಂಡು ಬಂದು, ರಕ್ತ ಹೆಚ್ಚಿಸುತ್ತದೆ ಅನ್ನುವ ಉಗು ಸೊಪ್ಪಿನ ಬಳ್ಳಿಯ ಬೀಜ ನೆಟ್ಟಳು. ಈಗ ದಿನಾ ಬೆಳಿಗ್ಗೆ ಉಗು ಸೊಪ್ಪು ಹಿಂಡಿ, ಆ ರಸಕ್ಕೆ ಡಬ್ಬಿ ಹಾಲು ಬೆರೆಸಿ ಸೊಸೆಗೆ ಕುಡಿಸುತ್ತಾಳೆ. ಕುಡಿಸಲಿ, ನಮ್ಮಲ್ಲಿ ಬಸುರಿಯರೆಲ್ಲ ಕುಡಿಯುವುದೇ. ಆದರೆ ಅವಳು ಬೀಜ ನೆಟ್ಟಿದ್ದು ನನ್ನ ಅಂಗಡಿಯ ಹಿಂದೆ.

ಓವೆರಿ ಪಟ್ಟಣದಾಚೆಯ ಈ ಮೆಕ್ಯಾನಿಕ್ ಕೇರಿಯಲ್ಲಿ ನಾನು ಬ್ಯಾಟರಿ ರಿಪೇರಿಯವನು. ಅಂಗಡಿಗೆ ಅಂಟಿಕೊಂಡೇ ಮನೆ. ಹನ್ನೊಂದು ವರ್ಷದಿಂದ ಹಳೇ ಬ್ಯಾಟರಿ ಒಡೆದು, ಆಸಿಡ್ಡು, ಸೀಸದ ಗಸಿ ಎಲ್ಲವನ್ನೂ ಹಿಂದಕ್ಕೆ ಚೆಲ್ಲಿದ್ದೇನೆ. ಹೋದ ವಾರ ಯೂನಿವರ್ಸಿಟಿಯವರು ಮಣ್ಣು ಪರೀಕ್ಷೆ ಮಾಡಿ, ಇಲ್ಲಿ ಬೆಳೆದದ್ದನ್ನು ತಿನ್ನಬೇಡಿ, ಸೀಸ ಮಕ್ಕಳ ಮಿದುಳು ಕೆಡಿಸುತ್ತದೆ ಎಂದು ತಗಡಿನ ಬೋರ್ಡು ನೆಟ್ಟು ಹೋದರು. ಮಾರನೇ ದಿನವೇ ಎದುರಿನ ಟಿಂಕರ್ ಅಮಾಡಿ ಅದನ್ನು ಕತ್ತರಿಸಿ ಬಸ್ಸೊಂದರ ತಳಕ್ಕೆ ಬೆಸುಗೆ ಹಾಕಿಬಿಟ್ಟ.

"ಒಳ್ಳೇ ತಗಡು ಮಾರಾಯ, ಸುಮ್ನೆ ಬಿಸಿಲಲ್ಲಿ ನಿಂತಿತ್ತು" ಅಂದ. ಇಂಥವರ ಜೊತೆ ಏಗಬೇಕು ನಾನು.

ಇವತ್ತು ಬೆಳಿಗ್ಗೆ ನೋಡಿದರೆ ಅಮ್ಮ ಮತ್ತೆ ಸೊಪ್ಪು ಕೊಯ್ಯುತ್ತಿದ್ದಾಳೆ.

"ಬೇಡ ಅಂದ್ನಲ್ಲಮ್ಮ."

"ಎಲೆ ನೋಡೋ ನನ್ನಪ್ಪ, ಎಷ್ಟು ಹಸಿರಾಗಿದೆ. ವಿಷ ಇದ್ರೆ ಹಿಂಗಿರುತ್ತಾ?"

"ಸೀಸ ಕಣ್ಣಿಗೆ ಕಾಣಲ್ಲ."

"ಮತ್ತೆ ಆ ಹುಡುಗ್ರಿಗೆ ಹೆಂಗೆ ಕಾಣ್ತು?"

"ಮಿಷಿನ್ನಲ್ಲಿ ನೋಡಿದ್ರು."

"ಆ ಮಿಷಿನ್ನು ಎಷ್ಟು ಹೆತ್ತಿದೆ? ನಾನು ಆರು ಹೆತ್ತಿದೀನಿ."

ನನಗೆ ರೇಗಿಹೋಯಿತು. ಬಳ್ಳಿಯನ್ನೆಲ್ಲ ಬುಡಸಮೇತ ಕಿತ್ತು ಎಸೆದೆ. ಬೈಯುತ್ತಾಳೆ ಅಂದುಕೊಂಡರೆ, ಅಮ್ಮ ಸುಮ್ಮನೆ ಕೈ ಒರೆಸಿಕೊಂಡಳು.

"ಸರಿ, ಬೇರೆ ಕಡೆ ನೆಡ್ತೀನಿ. ಜಾಗ ತೋರ್ಸು."

"ಮನೆ ಮುಂದೆ ಅಂಗಳದಲ್ಲಿ ನೆಡು."

ಬಾಗಿಲಲ್ಲಿ ನಿಂತಿದ್ದ ಉಲೋಮಾ, "ಅಲ್ಲಿ ಬೇಡ ಅತ್ತೆ. ಗೆದ್ದಲು ಬರ್ಬಾರ್ದು ಅಂತ ಇವ್ರು ಮನೆ ಸುತ್ತ ಡಬ್ಬಗಟ್ಟಲೆ ವೇಸ್ಟ್ ಆಯಿಲ್ ಸುರಿದಿದಾರೆ" ಎಂದಳು.

ಸುರಿದದ್ದು ನಿಜ. ಇಲ್ಲಿ ಎಲ್ಲರೂ ಸುರಿಯುತ್ತಾರೆ. ಆಚೆ ನೋಡಿದೆ, ಅಮಾಡಿ ಚೆಲ್ಲಿದ ಪೇಂಟು. ಈಚೆ ನೋಡಿದೆ, ನನ್ನದೇ ಆಸಿಡ್ಡು. ತೋರಿಸಲು ಒಂದು ಗೇಣು ನೆಲ ಸಿಗದೆ ನಾಚಿಕೆಯಾಯಿತು.

ಅಮ್ಮ ಸೊಸೆಯ ಹೊಟ್ಟೆಯನ್ನೊಮ್ಮೆ ನೋಡಿ, ಅಂಗಳ ನೋಡಿದಳು.

"ಸೊಪ್ಪು ಸಂತೇಲಿ ತರ್ತೀನಿ ಬಿಡು. ಮಗೂನ ಅಂಬೆಗಾಲಿಡೋಕೆ ಎಲ್ಲಿ ಬಿಡ್ತೀಯೋ, ಅದನ್ನ ಹೇಳು."