ಅತ್ತೆಯ ತವರಿಗೆ ಟಿಕೆಟ್ಟು

ನಮ್ಮ ಅತ್ತೆಯ ತವರುಮನೆಗೆ ಹೋಗಬೇಕೆಂದರೆ ಟಿಕೆಟ್ಟು ಕೊಳ್ಳಬೇಕು. ದೋಣಿ ಹತ್ತಲು ಒಂದು, ದ್ವೀಪಕ್ಕೆ ಕಾಲಿಡಲು ಇನ್ನೊಂದು. ಅವರಿಗೆ ಹಾಲುಹಲ್ಲು ಬೀಳುವ ವಯಸ್ಸಿನಲ್ಲಿ ಸರ್ಕಾರದವರು ಬಂದು, ಈ ಕೋಟೆ, ಈ ಬುರುಜು, ಈ ಫಿರಂಗಿ ಎಲ್ಲ ದೇಶದ ಆಸ್ತಿ, ಕಾಪಾಡಬೇಕು ಅಂದರಂತೆ. ಯಾರಿಂದ ಕಾಪಾಡಬೇಕು? ಅಲ್ಲಿ ಬದುಕುತ್ತಿದ್ದವರಿಂದ. ಬಲೆ, ಕೋಳಿ, ಮುದುಕರು, ಮಕ್ಕಳು ಎಲ್ಲವನ್ನೂ ದೋಣಿಗೆ ತುಂಬಿ ಈ ದಡಕ್ಕೆ ತಂದು ಸುರಿದರು.

"ನಾವಿದ್ದಾಗ ಅದು ಬರೀ ಊರು. ನಾವು ಬಿಟ್ಟ ಮೇಲೆ ಇತಿಹಾಸ ಆಯ್ತು ನೋಡು," ಎಂದು ಅತ್ತೆ ನಗುತ್ತಾರೆ. ನನಗೆ ನಗು ಬರುವುದಿಲ್ಲ.

ಅವರ ಆಸೆ ದೊಡ್ಡದೇನಲ್ಲ. ಮನೆ ಇನ್ನೂ ನಿಂತಿದೆಯಂತೆ. ಒಳಗೆ ಹೋಗಬೇಕು, ಒಲೆಯ ಪಕ್ಕ ಸ್ವಲ್ಪ ಹೊತ್ತು ಕೂರಬೇಕು. ಅಷ್ಟೇ. ಈಚೆಗೆ ನಾಲ್ಕು ಮೆಟ್ಟಿಲು ಹತ್ತಿದರೆ ಎದೆ ಹಿಡಿದುಕೊಳ್ಳುತ್ತದೆ. ಮುಂದಿನ ವರ್ಷ ನೋಡೋಣ ಅನ್ನುವ ಮಾತು ಇನ್ನು ನಡೆಯುವಂಥದ್ದಲ್ಲ. ನನ್ನ ಹೊಲಿಗೆ ಕಾರ್ಖಾನೆಗೂ ಗಂಡ ಮೂಟೆ ಹೊರುವ ಗೋದಾಮಿಗೂ ಒಂದೇ ದಿನ ರಜೆ ಬಿದ್ದದ್ದು ನಮ್ಮ ಮದುವೆಯಾದ ಮೇಲೆ ಇದೇ ಮೊದಲು.

ರಜೆಗೆ ಹೊಸ ಬಟ್ಟೆ ಬೇಡವೇ? ಕಾರ್ಖಾನೆಯಲ್ಲಿ ಬಣ್ಣ ಹದ ತಪ್ಪಿತೆಂದು ಒಂದು ಥಾನು ಬಟ್ಟೆಯನ್ನು ತಳ್ಳಿಬಿಟ್ಟಿದ್ದರು, ಸಾಸಿವೆ ಬಣ್ಣದ್ದು. ನನ್ನ ಪಾಲಿಗೆ ಬಂದ ತುಂಡಿನಲ್ಲಿ ಮೂವರಿಗೂ ಅಂಗಿ ಹೊಲಿದೆ. ಕಪ್ಪು ಕಾಲರು, ಎದೆಯ ಮೇಲೆ ಒಂದೇ ಜೇಬು. ಆ ಬಟ್ಟೆಯಲ್ಲಿ ನಮ್ಮ ಸಾಲಿನವರು ತಿಂಗಳುಗಟ್ಟಲೆ ಹೊಲಿದದ್ದು ಅದೇ ಮಾದರಿ; ನಾನು ಯೋಚಿಸುವ ಮೊದಲೇ ಕೈ ಹೊಲಿದು ಮುಗಿಸಿತ್ತು. ನಾವು ಹೊಲಿದದ್ದು ಯಾರ ಮೈಗೆ ಹೋಗುತ್ತದೆಂದು ನಮಗೆ ಯಾರು ಹೇಳುತ್ತಾರೆ?

"ಮೂವರೂ ಬ್ಯಾಂಡಿನವರ ಥರ ಕಾಣ್ತೀವಿ ಕಣೇ," ಎಂದ ಗಂಡ, ಕನ್ನಡಿಯ ಮುಂದೆ.

"ನೀವು ಡೋಲು. ಹೊಟ್ಟೆ ಇದೆಯಲ್ಲ," ಎಂದೆ. ಆ ದಿನ ನಾವು ನಕ್ಕದ್ದು ಅದೇ ಕೊನೆ.

ದೋಣಿಕಟ್ಟೆಯಲ್ಲಿ ಸಾಲು ಹಿಡಿದು ನಿಂತಿದ್ದೆವು. ಸೀಟಿ ಕಚ್ಚಿಕೊಂಡಿದ್ದ ಗೇಟಿನವನು ನಮ್ಮನ್ನು ನೋಡಿದವನೇ ಕೂಗಿದ. "ಏ, ಸಿಬ್ಬಂದಿ! ಇಲ್ಲೇನ್ರೀ ಮಾಡ್ತಿದೀರಾ? ಕೆಳಗೆ, ಕೆಳಗೆ!"

"ನಾವು ಪ್ರವಾಸಕ್ಕೆ ಬಂದಿರೋದು," ಎಂದು ಟಿಕೆಟ್ಟು ತೋರಿಸಿದೆ.

"ಯಾರೋ ಬೀಳಿಸಿಕೊಂಡಿದ್ದು ಸಿಕ್ತಾ? ಕೊಡಿಲ್ಲಿ." ಮೂವರ ಟಿಕೆಟ್ಟುಗಳನ್ನೂ ಕಿತ್ತುಕೊಂಡು ಜೇಬಿಗೆ ಹಾಕಿಕೊಂಡ. ನಾನು ಬಾಯಿ ತೆರೆಯುವಷ್ಟರಲ್ಲಿ ಹಿಂದಿನವರು ತಳ್ಳಿದರು, ಸೀಟಿ ಕೂಗಿತು, ಗಂಡ ನನ್ನ ಮೊಣಕೈ ಹಿಡಿದು ಕೆಳಗಿನ ಬಾಗಿಲಿಗೆ ಎಳೆದ. "ಹೋಗ್ತಿರೋದು ಅದೇ ದೋಣಿ ತಾನೇ? ಸುಮ್ನಿರು."

ಸುಮ್ಮನಿರು. ನಮ್ಮ ಮನೆಯ ಕುಲದೈವ ಇದ್ದರೆ ಅದರ ಹೆಸರು ಇದೇ.

ಕೆಳಗೆ ಕಿಟಕಿಯಿಲ್ಲ. ಈರುಳ್ಳಿ ಮೂಟೆ, ಹೋಟೆಲಿನ ಚಾದರಗಳ ಗಂಟು, ಎಣ್ಣೆಯ ವಾಸನೆ. ಅಲ್ಲಿ ಕೂತಿದ್ದ ಹತ್ತಾರು ಜನರ ಮೈಮೇಲೆ ಅದೇ ಸಾಸಿವೆ ಬಣ್ಣ, ಅದೇ ಕಪ್ಪು ಕಾಲರು. ಆಗ ಅರ್ಥವಾಯಿತು. ಪಕ್ಕದವಳ ತೋಳಿನ ಮಡಿಕೆ ಬಹುಶಃ ನಾನೇ ಹೊಲಿದದ್ದು.

"ಹೊಸಬರಾ? ಪಾತ್ರೆಗೋ, ಕಸಕ್ಕೋ?" ಎಂದಳು ಅವಳು, ಪ್ರೀತಿಯಿಂದಲೇ.

"ರಜೆಗೆ," ಎಂದೆ. ಅವಳು ಬಿದ್ದು ಬಿದ್ದು ನಕ್ಕಳು.

ಅತ್ತೆ ಚಾದರದ ಗಂಟಿನ ಮೇಲೆ ಕೂತಿದ್ದರು. ದ್ವೀಪ ನೀರಿನಿಂದ ಮೇಲೇಳುವುದನ್ನು ನೋಡಬೇಕೆಂದು ದಾರಿಯುದ್ದಕ್ಕೂ ಹೇಳುತ್ತ ಬಂದಿದ್ದರು; ಮೊದಲು ಬುರುಜು ಕಾಣುತ್ತದೆ, ಆಮೇಲೆ ಅವರ ಮನೆಯ ಹೆಂಚು. ಈಗ ಕಬ್ಬಿಣದ ಗೋಡೆಗೆ ಅಂಗೈ ಒತ್ತಿ, "ಸಮುದ್ರ ಈ ಕಡೆನಾ?" ಎಂದು ಕೇಳಿದರು. ತಲೆಯ ಮೇಲೆ ಚಪ್ಪಲಿಗಳು ದಡಬಡ ಓಡಾಡುತ್ತಿದ್ದವು. ಮೇಲಿನವರಿಗೆ ಬುರುಜು ಕಂಡಿರಬೇಕು, ಹೋ ಎಂದು ಕೂಗಿದರು.

ದ್ವೀಪದಲ್ಲಿ ಇಳಿದಾಗ ಮೇಸ್ತ್ರಿ ಕಾಯುತ್ತಿದ್ದ. ಬೂಟು, ಬೆವರು, ಕೈಯಲ್ಲಿ ಕರಕರ ಅನ್ನುವ ವೈರ್‌ಲೆಸ್ಸು. ಯಾರ ಮುಖವನ್ನೂ ನೋಡದೆ ನನ್ನ ಗಂಡನ ಕೈಗೆ ಪೊರಕೆ ತುರುಕಿದ. "ಕೋಟೆ ಬಾಗಿಲಿಂದ ಹಳೇ ಮನೆವರೆಗೆ. ಎಲೆ ಒಂದೂ ಕಾಣಬಾರದು."

ನನ್ನ ಗಂಡ ಗುಡಿಸತೊಡಗಿದ! ಕೇಳಲಿಲ್ಲ, ಹೇಳಲಿಲ್ಲ, ಬಗ್ಗಿ ಗುಡಿಸತೊಡಗಿದ.

"ರೀ, ಬಿಸಾಕ್ರೀ ಅದನ್ನ! ನಿಮಗೇನಾದ್ರೂ ತಲೆ ಕೆಟ್ಟಿದೆಯಾ?"

"ಕೊಟ್ಟುಬಿಟ್ನಲ್ಲೇ..."

"ಕೊಟ್ಟರೆ? ನಾಳೆ ಹಗ್ಗ ಕೊಡ್ತಾನೆ, ಕೊರಳಿಗೆ ಹಾಕ್ಕೋತೀರಾ?"

"ಇಷ್ಟು ಗುಡಿಸಿ ಬಂದ್ಬಿಡ್ತೀನಿ. ನೀನು ಅಮ್ಮನ್ನ ಕರ್ಕೊಂಡು ಹೋಗು."

ಮೂಟೆ ಹೊತ್ತು ಹೊತ್ತು ಈ ಮನುಷ್ಯನ ಬೆನ್ನಿಗೆ ಒಂದೇ ಭಾಷೆ ಗೊತ್ತು. ನಾನು ಮೇಸ್ತ್ರಿಯ ಹಿಂದೆ ಓಡಿ, ನಾವು ರಜೆಗೆ ಬಂದವರು, ಟಿಕೆಟ್ಟು ಕಿತ್ತುಕೊಂಡರು ಎಂದೆ. "ರಜೆ ನನಗೂ ಬೇಕಮ್ಮ," ಎಂದು ವೈರ್‌ಲೆಸ್ಸಿನ ಜೊತೆ ಮಾತಿಗಿಳಿದ. ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡದ್ದಷ್ಟೇ ಬಂತು.

ಅತ್ತೆಯನ್ನು ಕೈ ಹಿಡಿದು ನಡೆಸಿದೆ. ಏರು ದಾರಿ, ಮೂರು ಕಡೆ ನಿಂತು ಉಸಿರು ತೆಗೆದುಕೊಂಡರು. ಮನೆ ಇತ್ತು. ಬಾಗಿಲಿಗೆ ಅಡ್ಡ ಕೆಂಪು ಹಗ್ಗ. 'ಹಿಂದಿನ ದ್ವೀಪವಾಸಿಯ ಮನೆ, ಒಳಗೆ ಪ್ರವೇಶವಿಲ್ಲ' ಎಂಬ ಫಲಕ. ಒಳಗೆ ಒಲೆಯ ಮುಂದೆ ಗಾರೆಯಲ್ಲಿ ಮಾಡಿದ ಒಬ್ಬ ಹೆಂಗಸು ಬಗ್ಗಿ ಕೂತು ಊದುತ್ತಿದ್ದಳು. ಹೊರಗೆ ಜನ ಕತ್ತು ಉದ್ದ ಮಾಡಿ ಇಣುಕುತ್ತಿದ್ದರು.

ಅತ್ತೆ ಹಗ್ಗ ಎತ್ತಿ ಒಳಗೆ ಹೋದರು. ಯಾರೂ ತಡೆಯಲಿಲ್ಲ. ಮಗಳಾಗಿ ಬಂದಿದ್ದರೆ ತಡೆಯುತ್ತಿದ್ದರು, ಟಿಕೆಟ್ಟು ಹಿಡಿದು ಬಂದಿದ್ದರೂ ತಡೆಯುತ್ತಿದ್ದರು. ಕಸ ಗುಡಿಸುವವರಿಗೆ ಎಲ್ಲ ಬಾಗಿಲೂ ತೆರೆದಿರುತ್ತದೆ. ಗಾರೆಯ ಹೆಂಗಸಿಗೆ, "ಸ್ವಲ್ಪ ಸರಿ ತಾಯಿ," ಎಂದು ಅವಳನ್ನು ದೂಡಿ, ಒಲೆಯ ಪಕ್ಕ ಕೂತರು. ಕಣ್ಣು ಮುಚ್ಚಿದರು.

ಹೊರಗಿನಿಂದ ಯಾರೋ ಕೂಗಿದರು. "ಅಜ್ಜಿ, ಸ್ವಲ್ಪ ಈ ಕಡೆ ನೋಡಿ!"

ಅತ್ತೆ ಕಣ್ಣು ತೆರೆದರು. "ಇದು ನಮ್ಮ ಮನೆ ಕಣಪ್ಪ. ನಾನು ಹುಟ್ಟಿದ್ದು ಆ ಮೂಲೇಲಿ. ನಮ್ಮನ್ನ ಎಬ್ಬಿಸಿ ಕಳಿಸಿದರು."

ಜನ ಚಪ್ಪಾಳೆ ತಟ್ಟಿದರು.

ಸದ್ದು ಕೇಳಿ ಮೇಸ್ತ್ರಿ ಬಂದ. ಬೈಯುತ್ತಾನೆಂದುಕೊಂಡೆ; ಅವನ ಮುಖ ಅರಳಿತ್ತು. "ಯಾರು ಹೇಳಿಕೊಟ್ರು ಅಜ್ಜಿ? ಭೇಷ್! ದಿನಾ ಹೀಗೇ ಹೇಳ್ತೀಯಾ? ಕೊನೇಲಿ ಒಂಚೂರು ಅಳು ಸೇರಿಸಿಬಿಡು."

ಅತ್ತೆ ಅವನನ್ನು ನೋಡಿದರು. ಆಮೇಲೆ ನನ್ನನ್ನು. "ಬಾಗಿಲು ಹಾಕೇ," ಎಂದರು.

ಹಗ್ಗ ಕಿತ್ತು, ಒಳಗೆ ನುಗ್ಗಿ ಕದ ಎಳೆದೆ. ಅಗುಳಿಗಾಗಿ ತಡಕಿದರೆ ಅಗುಳಿಯಿಲ್ಲ, ಅದಿದ್ದ ಜಾಗದಲ್ಲಿ ತೂತುಗಳಷ್ಟೇ. ನೋಡುವ ಮನೆಗೆ ಒಳಗಿನಿಂದ ಅಗುಳಿ ಯಾಕೆ? ಬೆನ್ನು ಕೊಟ್ಟು ನಿಂತೆ. ಹೊರಗೆ ಗಲಾಟೆ, ಬಡಿತ, ಮೇಸ್ತ್ರಿಯ ಕೂಗು. "ಏ, ಪೊರಕೆಯವನೇ, ಬಾ ಇಲ್ಲಿ! ತಳ್ಳು!"

ಕದದ ಮೇಲೆ ಭಾರ ಬಿತ್ತು. ಆ ಭುಜ ನನಗೆ ಗೊತ್ತು.

"ತೆಗಿಯೇ," ಎಂದ ಗಂಡ, ಸಂದಿಯಿಂದ, ಮೆಲ್ಲಗೆ. "ಕೆಲಸ ಹೋಗುತ್ತೆ ಕಣೇ."

"ಯಾವ ಕೆಲಸ ರೀ? ಯಾರ ಕೆಲಸ? ಒಳಗಿರೋದು ನಿಮ್ಮಮ್ಮ!"

ಒಂದು ಕ್ಷಣ ಭಾರ ಸಡಿಲಿತು. ಅವನ ಉಸಿರು ಕೇಳುತ್ತಿತ್ತು. ಮೇಸ್ತ್ರಿ ಮತ್ತೆ ಕೂಗಿದ. ಮತ್ತೆ ಭಾರ ಬಿತ್ತು.

"ಹಾಗೇ ಹಿಡ್ಕೋ," ಎಂದರು ಅತ್ತೆ, ಕಣ್ಣು ಮುಚ್ಚಿಕೊಂಡೇ. "ಇನ್ನೊಂದು ಚೂರು ಕೂತ್ಕೋತೀನಿ."

ಅವರ ಅಪ್ಪನ ಕಾಲದ ಮಣ್ಣಿನ ನೆಲಕ್ಕೆ ಈಗ ಪಾಲಿಶ್ ಕಲ್ಲು ಹಾಸಿದ್ದರು. ಹಿಮ್ಮಡಿ ಊರಿದೆ. ಜಾರಿತು. ಮತ್ತೆ ಊರಿದೆ.